ಕಾವೇರಿ ಎಷ್ಟು ಆಳ? ಕೆಆರ್‌ಎಸ್‌ನಿಂದ ಕಾಂಗೋವರೆಗೆ

(ಪಾಡ್‌ಕಾಸ್ಟ್‌ನ ಪಠ್ಯ ರೂಪ)

ಮಳೆಗಾಲ ಬಂತು ಅಂದ್ರೆ ಮೈಸೂರಿನವರ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಪ್ರಶ್ನೆ: ಕೆಆರ್‌ಎಸ್ ಇವತ್ತು ಎಷ್ಟು ಅಡಿ? ಪೂರ್ತಿ ತುಂಬಿದರೆ 124.80 ಅಡಿ, ಅಂದರೆ ಸುಮಾರು 38 ಮೀಟರ್. ಆದ್ರೆ ಅದು ಕಟ್ಟೆ ಕಟ್ಟಿ ನಿಲ್ಲಿಸಿದ ನೀರಿನ ಮಟ್ಟ. ಹರಿಯೋ ಕಾವೇರಿ ಎಷ್ಟು ಆಳ? ಇದಕ್ಕೆ ಒಂದೇ ಉತ್ತರ ಇಲ್ಲ. ಯಾಕೆ ಇಲ್ಲ ಅನ್ನೋದೇ ಇವತ್ತಿನ ವಿಷಯ.

ಜಗತ್ತಿನ ಅತಿ ಆಳದ ನದಿ ಆಫ್ರಿಕಾದ ಕಾಂಗೋ. ಸಮುದ್ರ ಸೇರೋ ಮುಂಚಿನ ಭಾಗದಲ್ಲಿ ಅದರ ಆಳ 220 ಮೀಟರ್‌ಗೂ ಹೆಚ್ಚು. ಹತ್ತಿರಹತ್ತಿರ ಆರು ಕೆಆರ್‌ಎಸ್ ಒಂದರ ಮೇಲೊಂದು ಇಟ್ಟ ಹಾಗೆ! ಅಮೆಜಾನ್‌ನಲ್ಲಿ ಹರಿಯೋ ನೀರು ಇದಕ್ಕಿಂತ ಬಹಳ ಜಾಸ್ತಿ, ಆದರೂ ಆಳದಲ್ಲಿ ಕಾಂಗೋನೇ ಮುಂದು. ಅಲ್ಲಿ ಅಷ್ಟೂ ನೀರು ಬಂಡೆಗಳ ನಡುವಿನ ಕಿರಿದಾದ ದಾರಿಯಲ್ಲಿ ನುಗ್ಗಬೇಕು. ಅಕ್ಕಪಕ್ಕ ಹರಡೋಕೆ ಜಾಗ ಇಲ್ಲದಿದ್ರೆ ನದಿ ಕೆಳಗೆ ಕೊರೆಯುತ್ತೆ.

ಇದನ್ನ ಅಳೆಯೋದು ಶಬ್ದದಿಂದ. ದೋಣಿಯಿಂದ ಬಿಟ್ಟ ಶಬ್ದ ತಳಕ್ಕೆ ಬಡಿದು ವಾಪಸ್ ಬರೋಕೆ ಹಿಡಿಯೋ ಸಮಯ ಲೆಕ್ಕ ಹಾಕ್ತಾರೆ. ನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಹಾಗಾಗಿ 220 ಮೀಟರ್ ಹೋಗಿ ಬರೋಕೆ ಮೂರನೇ ಒಂದು ಸೆಕೆಂಡೂ ಬೇಡ.

ಈಗ ನಮ್ಮೂರಿನ ಕಡೆ ಬರೋಣ. ಅಲಮೇಲಮ್ಮನ ಶಾಪದ ಕಥೆ ನೀವು ಕೇಳಿರ್ತೀರಿ. ತಲಕಾಡಿಗೆ ಮರಳು, ಮಾಲಂಗಿಗೆ ಮಡು. ಶಾಪದ ಮಾತು ಪಕ್ಕಕ್ಕಿಟ್ಟು ನದಿಯನ್ನ ನೋಡಿ. ತಲಕಾಡಿನ ಹತ್ತಿರ ಕಾವೇರಿ ದೊಡ್ಡ ತಿರುವು ತಗೊಳ್ಳುತ್ತೆ. ಯಾವ ನದಿಯೇ ಆದ್ರೂ ತಿರುವಿನ ಹೊರದಡದಲ್ಲಿ ನೀರಿನ ರಭಸ ಜಾಸ್ತಿ, ಅಲ್ಲಿ ತಳ ಕೊರೆದು ಮಡು ಆಗುತ್ತೆ. ಒಳದಡದಲ್ಲಿ ವೇಗ ಕಮ್ಮಿ, ಅಲ್ಲಿ ಮರಳು ಕೂರುತ್ತೆ. ಅಂದ್ರೆ ಮರಳು, ಮಡು ಎರಡೂ ಒಂದೇ ತಿರುವಿನ ಕೆಲಸ ಆಗಬಹುದು.

ಇದು ಬರೀ ಜನರಲ್ ನಾಲೆಡ್ಜ್ ಅಲ್ಲ, ಜೀವದ ಪ್ರಶ್ನೆ. ಬಲಮುರಿ, ತಲಕಾಡು, ಮುತ್ತತ್ತಿ ಅಂತ ವೀಕೆಂಡ್ ಹೋಗೋರಿಗೆ ನೀರು ಮೊಣಕಾಲುದ್ದ ಕಾಣುತ್ತೆ. ಎರಡು ಹೆಜ್ಜೆ ಮುಂದೆ ಮಡು ಇರಬಹುದು, ಮರಳು ತೆಗೆದ ಗುಂಡಿ ಇರಬಹುದು. ಮೇಲಿಂದ ನೀರು ಎಲ್ಲಾ ಕಡೆ ಒಂದೇ ಥರ. ಜೊತೆಗೆ ಕಣ್ಣೂ ಮೋಸ ಮಾಡುತ್ತೆ. ಬೆಳಕು ನೀರಿಂದ ಹೊರಬರುವಾಗ ಬಾಗೋದ್ರಿಂದ 8 ಅಡಿ ಆಳ ಸುಮಾರು 6 ಅಡಿಯಷ್ಟೇ ಅನ್ನಿಸುತ್ತೆ.

ಹಾಗಾಗಿ ಮೂರು ಮಾತು ನೆನಪಿಡಿ. ಊರಿನವರು 'ಅಲ್ಲಿ ಮಡು ಇದೆ, ಸುಳಿ ಇದೆ' ಅಂದ್ರೆ ಅಲ್ಲಿಗೆ ಇಳಿಯಬೇಡಿ. ಡ್ಯಾಂನಿಂದ ನೀರು ಬಿಟ್ಟಿರೋ ದಿನ ದಡದಲ್ಲೇ ಇರಿ. ಯಾರಾದ್ರೂ ಮುಳುಗ್ತಿದ್ರೆ ಹಿಂದೆನೇ ಹಾರಬೇಡಿ. ಹಗ್ಗ, ಪಂಚೆ, ದುಪಟ್ಟಾ, ಉದ್ದದ ಕೋಲು, ಏನಾದ್ರೂ ದಡದಿಂದಲೇ ಚಾಚಿ, ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿ.

ಈ ವಾರ ನದಿ ಕಡೆ ಟ್ರಿಪ್ ಹಾಕಿರೋ ಫ್ರೆಂಡ್ಸ್ ಇದ್ರೆ ಈ ಎಪಿಸೋಡ್ ಅವರಿಗೆ ಕಳಿಸಿ. ಮತ್ತೆ ಸಿಗೋಣ.