ಬಾಣಂತಿ ‘ಉಂಡು ಮಲಗ್ತಾಳೆ’ ಅಷ್ಟೇನಾ?

‘ಬಾಣಂತಿಗೇನು, ಉಂಡು ಮಲಗೋದೇ ಕೆಲಸ’ ಅನ್ನೋ ಮಾತು ನಾವೆಲ್ಲ ಕೇಳಿರ್ತೀವಿ. ಬಿಕಾಂ ಓದಿದ ನನಗೆ ಇದರ ಲೆಕ್ಕ ತಾಳೆ ಆಗಲ್ಲ.

ಹಸುಗೂಸು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತೆ. 10 ಸಲ, ಪ್ರತಿ ಸಲ ಅರ್ಧ ಗಂಟೆ ಅಂತ ಹಿಡಿದರೂ ದಿನಕ್ಕೆ 5 ಗಂಟೆ. ತೇಗು ಬರಿಸೋದು, ಬಟ್ಟೆ ಬದಲಿಸೋದು, ಮತ್ತೆ ಮಲಗಿಸೋದು ಇದರಲ್ಲಿ ಸೇರಿಲ್ಲ. ರಾತ್ರಿಗೂ ರಜೆ ಇಲ್ಲ. ಅಂದ್ರೆ ಅವಳು ಮಲಗಿರ್ತಾಳೆ, ನಿದ್ದೆ ಮಾಡಿರಲ್ಲ.

ಜೊತೆಗೆ ಹೆರಿಗೆಯಾದ ಮೇಲೆ ಹಾರ್ಮೋನ್ ಮಟ್ಟ ದಿಢೀರ್ ಇಳಿಯುತ್ತೆ. ಮೊದಮೊದಲು ಸುಮ್ಮಸುಮ್ಮನೆ ಅಳು ಬರೋದು ತುಂಬಾ ಸಾಮಾನ್ಯ. ಇದೇ ‘ಬೇಬಿ ಬ್ಲೂಸ್’. ಹೆಚ್ಚಾಗಿ 2 ವಾರದೊಳಗೆ ತಾನಾಗೇ ಹೋಗುತ್ತೆ. ಹೋಗದಿದ್ರೆ, ಮಗು ಮಲಗಿದ್ರೂ ತನಗೆ ನಿದ್ದೆ ಬರದಿದ್ರೆ, ಯಾವುದೂ ಬೇಡ ಅನಿಸ್ತಿದ್ರೆ, ಅದು ಖಿನ್ನತೆ ಇರಬಹುದು. ‘ಮಗು ಮುಖ ನೋಡು, ಸರಿಹೋಗುತ್ತೆ’ ಅನ್ನೋದು ಔಷಧಿ ಅಲ್ಲ. ಡಾಕ್ಟರ್ ಹತ್ರ ಹೋಗಿ, ಇಲ್ಲಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಸಾಯೋ ಯೋಚನೆ ಬಂದ್ರಂತೂ ಒಂದು ದಿನವೂ ಕಾಯಬೇಡಿ.

ಮುಂದಿನ ಸಲ ಮಗು ನೋಡೋಕೆ ಹೋದಾಗ ‘ಯಾರ ಥರ ಇದೆ?’ ಅನ್ನೋಕ್ಕೆ ಮುಂಚೆ ತಾಯಿಗೆ ಕೇಳಿ: ‘ನಿನ್ನೆ ಎಷ್ಟು ಹೊತ್ತು ನಿದ್ದೆ ಆಯ್ತು?’