ಸರಳರೇಖೆ, ರೇಖಾಖಂಡ, ಕಿರಣ: ಹೆಸರು ಬರೆಯೋದು ಹೇಗೆ? ಜಮೀನು ಅಳತೆಗೂ ಇದೇ ಲೆಕ್ಕ

ಸರಗೂರು: ಆರನೇ ತರಗತಿ ಗಣಿತ ಪುಸ್ತಕ ಹಿಡಿದು ಅಂಗಡಿ ಗಲ್ಲಾಪೆಟ್ಟಿಗೆ ಪಕ್ಕ ಕೂತ ಮಕ್ಕಳು ಕೇಳುವ ಪ್ರಶ್ನೆ ಇದು: 'ಎಬಿ ಅಂತ ಬರೆದರೂ ಬಿಎ ಅಂತ ಬರೆದರೂ ಒಂದೇ ಅಲ್ವಾ?' ಉತ್ತರ ಸುಲಭ. ಎರಡು ಕಡೆ ಒಂದೇ, ಒಂದು ಕಡೆ ಮಾತ್ರ ಬೇರೆ. ಅಲ್ಲೇ ಅಂಕ ಹೋಗುವುದು.

ರೇಖಾಖಂಡ

ನಕ್ಷೆ ಮೇಲೆ ಸರಗೂರಿಗೆ 'ಎ', ಎಚ್.ಡಿ. ಕೋಟೆಗೆ 'ಬಿ' ಎಂದು ಚುಕ್ಕಿ ಇಟ್ಟು, ಸ್ಕೇಲ್ ಹಿಡಿದು ಗೆರೆ ಎಳೆಯಿರಿ. ಎರಡೂ ತುದಿ ಇರುವ ಈ ಗೆರೆಯೇ ರೇಖಾಖಂಡ. ಇದನ್ನು ಅಳೆಯಬಹುದು. ಇಲ್ಲಿಂದ ಅಳೆದರೂ ಅಲ್ಲಿಂದ ಅಳೆದರೂ ಉದ್ದ ಅಷ್ಟೇ. ಹಾಗಾಗಿ ಎಬಿ, ಬಿಎ ಎರಡೂ ಒಂದೇ. ಅಕ್ಷರಗಳ ಮೇಲೆ ಬಾಣವಿಲ್ಲದ ಅಡ್ಡಗೆರೆ ಹಾಕಬೇಕು.

ಸರಳರೇಖೆ

ಅದೇ ಗೆರೆ ಎರಡೂ ಕಡೆ ಕೊನೆಯಿಲ್ಲದೆ ಹೋಗುತ್ತದೆ ಎಂದುಕೊಂಡರೆ ಅದು ಸರಳರೇಖೆ. ತುದಿ ಇಲ್ಲ, ಆದ್ದರಿಂದ ಅಳತೆಯೂ ಇಲ್ಲ. ಅದರ ಮೇಲಿನ ಯಾವುದೇ ಎರಡು ಬಿಂದು ಹಿಡಿದು ಹೆಸರಿಡಬಹುದು. ಎ, ಬಿ, ಸಿ ಎಂಬ ಮೂರು ಬಿಂದುಗಳಿದ್ದರೆ ಎಬಿ, ಬಿಸಿ, ಎಸಿ, ತಿರುಗಿಸಿ ಬರೆದರೆ ಬಿಎ, ಸಿಬಿ, ಸಿಎ, ಹೀಗೆ ಆರು ಹೆಸರು. ರೇಖೆ ಮಾತ್ರ ಒಂದೇ. ಮೇಲೆ ಎರಡೂ ತುದಿಗೆ ಬಾಣವಿರುವ ಗೆರೆ ಹಾಕಬೇಕು.

ಕಿರಣ

ರಾತ್ರಿ ಚಿಕ್ಕದೇವಮ್ಮನ ಬೆಟ್ಟದ ಮೇಲೆ ನಿಂತು ಟಾರ್ಚ್ ಬಿಟ್ಟ ಹಾಗೆ. ಬೆಳಕು ಹೊರಡುವ ಜಾಗ ಒಂದೇ. ಮುಂದಕ್ಕೆ ಹೋಗ್ತಾನೇ ಇರುತ್ತದೆ. ಹೊರಡುವ ಬಿಂದುವಿನ ಅಕ್ಷರ ಕಡ್ಡಾಯವಾಗಿ ಮೊದಲು ಬರಬೇಕು. ಕಿರಣ ಎಬಿ ಎಂದರೆ 'ಎ'ಯಿಂದ ಹೊರಟು 'ಬಿ' ಕಡೆಗೆ. ಬಿಎ ಎಂದರೆ 'ಬಿ'ಯಿಂದ ಹೊರಟು 'ಎ' ಕಡೆಗೆ. ಎರಡೂ ಬೇರೆ ಬೇರೆ ಕಿರಣ. ಆದರೆ ಎ, ಬಿ, ಸಿ ಒಂದೇ ಸಾಲಿನಲ್ಲಿ ಇದೇ ಕ್ರಮದಲ್ಲಿದ್ದರೆ ಕಿರಣ ಎಬಿ ಮತ್ತು ಕಿರಣ ಎಸಿ ಒಂದೇ. ಹೊರಡುವ ಜಾಗವೂ ಒಂದೇ, ದಿಕ್ಕೂ ಒಂದೇ. ಮೇಲಿನ ಬಾಣ ಯಾವಾಗಲೂ ಎರಡನೇ ಅಕ್ಷರದ ಕಡೆಗೆ.

ಜಮೀನಿಗೆ ಬಂದಾಗ

ಇದು ಶಾಲೆಗೆ ಮಾತ್ರ ಅಂದುಕೊಳ್ಳಬೇಡಿ. ಸರ್ವೆ ನಂಬರಿನ ಟಿಪ್ಪಣಿ ನಕ್ಷೆಯಲ್ಲಿ ಅಳತೆ ಬರೆದ ಗೆರೆಗಳೆಲ್ಲ ರೇಖಾಖಂಡಗಳೇ. ಅಲ್ಲಿ ಅಳತೆ ಇರುವುದು ಸರಪಳಿ, ಆಣೆ ಲೆಕ್ಕದಲ್ಲಿ. 33 ಅಡಿಗೆ ಒಂದು ಸರಪಳಿ, ಅದರಲ್ಲಿ 16 ಆಣೆ. ಅಂದರೆ ಒಂದು ಆಣೆ ಎರಡು ಅಡಿ ಮುಕ್ಕಾಲು ಇಂಚು. ಸರಪಳಿ ಉದ್ದ, ಸರಪಳಿ ಅಗಲದ ಜಾಗ ಒಂದು ಗುಂಟೆ, 1,089 ಚದರ ಅಡಿ. ಇಂಥ 40 ಗುಂಟೆ ಸೇರಿ ಒಂದು ಎಕರೆ.

'ಈ ಕಲ್ಲಿನಿಂದ ಬದು ಹಿಂಗೇ ನೇರ ಹೋಗುತ್ತೆ' ಅಂತ ಬಾಯಲ್ಲಿ ಹೇಳಿದರೆ ಅದು ಕಿರಣ. ಶುರು ಗೊತ್ತು, ದಿಕ್ಕು ಗೊತ್ತು, ಮುಗಿಯುವುದು ಎಲ್ಲಿ ಎಂದು ಗೊತ್ತಿಲ್ಲ. ಜಗಳ ಹುಟ್ಟುವುದು ಅಲ್ಲೇ. ಹದ್ದುಬಸ್ತಿಗೆ ಅರ್ಜಿ ಹಾಕಿ ಅಳತೆ ಮಾಡಿಸುವಾಗ ಎರಡೂ ತುದಿಯ ಗುರುತು ತೋರಿಸಿಕೊಳ್ಳಿ. ಸೈಟ್, ಅಂಗಡಿ ಮಳಿಗೆಯ ಪತ್ರದಲ್ಲೂ ಅಷ್ಟೇ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ ಅಂತ ಚಕ್ಕುಬಂದಿ ಇದ್ದರೆ ಸಾಲದು, ನಾಲ್ಕೂ ಕಡೆಯ ಅಡಿ ಲೆಕ್ಕವೂ ಇರಬೇಕು.

ಇವತ್ತು ಸಂಜೆ ಮಕ್ಕಳು ಪುಸ್ತಕ ತಂದರೆ ಮೂರೇ ಮಾತು ಹೇಳಿಕೊಡಿ: ತುದಿ ಎರಡಿದ್ದರೆ ಖಂಡ, ಒಂದಿದ್ದರೆ ಕಿರಣ, ಇಲ್ಲದಿದ್ದರೆ ರೇಖೆ.