ತೇವದ ಮೀಟರು ನೀರನ್ನು ಅಳೆಯುತ್ತದೆಯೇ?

ಹೊಲಕ್ಕೆ ಚುಚ್ಚಿದ ಸೆನ್ಸರು ‘ತೇವಾಂಶ ಶೇ. 35’ ಎಂದು ತೋರಿಸಿದರೆ, ಅದು ನೀರನ್ನೇ ಅಳೆದಿದೆ ಎಂದು ನಂಬುವವರು ಬಹಳ. ವಾಸ್ತವವಾಗಿ ಇಂದಿನ ಹೆಚ್ಚಿನ ಸೆನ್ಸರುಗಳು ಅಳೆಯುವುದು ಮಣ್ಣಿನ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನು, ಅಂದರೆ ವಿದ್ಯುತ್ ಕ್ಷೇತ್ರದಲ್ಲಿ ಮಣ್ಣು ಎಷ್ಟು ಶಕ್ತಿ ಹಿಡಿದಿಡಬಲ್ಲದು ಎಂಬುದನ್ನು. ಗಾಳಿಗೆ ಅದು 1, ಒಣ ಮಣ್ಣಿಗೆ ಸುಮಾರು 3ರಿಂದ 5, ನೀರಿಗೆ 80ರಷ್ಟು. ಈ ಭಾರೀ ಅಂತರವೇ ವಿಧಾನದ ಬಲ. 1980ರಲ್ಲಿ ಟಾಪ್, ಡೇವಿಸ್ ಮತ್ತು ಅನ್ನನ್ ಪ್ರಕಟಿಸಿದ ಸೂತ್ರದಲ್ಲಿ ಸ್ಥಿರಾಂಕ 10 ಎಂದಿಟ್ಟರೆ ನೀರು ಮಣ್ಣಿನ ಗಾತ್ರದ ಶೇ. 19ರಷ್ಟು ಬರುತ್ತದೆ, 20 ಎಂದಿಟ್ಟರೆ ಶೇ. 35ರ ಹತ್ತಿರ.

ಒಂದು ಮಣ್ಣಿಗೆ ಒಂದೇ ಅಂಕಿ ಎಂಬುದು ಇನ್ನೂ ಗಟ್ಟಿಯಾದ ತಪ್ಪು ಕಲ್ಪನೆ. ಅಳೆಯುವ ಆವೃತ್ತಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಹತ್ತಾರು ಮೆಗಾಹರ್ಟ್ಸ್‌ಗಿಂತ ಕೆಳಗೆ, ಉಪ್ಪಿನ ಅಯಾನುಗಳು ಜೇಡಿ ಕಣಗಳ ಅಂಚಿನಲ್ಲಿ ಜಮಾಯಿಸಿ ಅಂಕಿಯನ್ನು ಉಬ್ಬಿಸುತ್ತವೆ. ಕಿಲೋಹರ್ಟ್ಸ್ ಮಟ್ಟಕ್ಕೆ ಇಳಿದರೆ ಒದ್ದೆ ಜೇಡಿಯ ಸ್ಥಿರಾಂಕ ಶುದ್ಧ ನೀರಿನದನ್ನೂ ಮೀರಿಬಿಡಬಹುದು! ಹಾಗೆಂದು ಆವೃತ್ತಿ ಏರಿಸಿದಷ್ಟೂ ಒಳ್ಳೆಯದು ಎನ್ನುವಂತಿಲ್ಲ. 17 ಗಿಗಾಹರ್ಟ್ಸ್ ಸಮೀಪಿಸಿದಾಗ ನೀರಿನ ಅಣುಗಳು ಕ್ಷೇತ್ರದ ವೇಗಕ್ಕೆ ತಿರುಗಲಾರದೆ ಹಿಂದೆ ಬೀಳುತ್ತವೆ. ಜೇಡಿಗೆ ಅಂಟಿದ ನೀರಂತೂ ಅದಕ್ಕೂ ಮೊದಲೇ ಸೋಲುತ್ತದೆ. ಆದ್ದರಿಂದಲೇ ಪ್ರಯೋಗಾಲಯದಲ್ಲಿ ಮಣ್ಣನ್ನು ಲೋಹದ ಕೊಳವೆಯಲ್ಲಿ ಪದರ ಪದರವಾಗಿ ಒತ್ತಿ ತುಂಬಿ, ನೆಟ್‌ವರ್ಕ್ ಅನಲೈಸರ್ ಎಂಬ ಉಪಕರಣದಿಂದ ಉದ್ದಕ್ಕೂ ಆವೃತ್ತಿ ಬದಲಿಸುತ್ತಾ ಅಳೆಯುತ್ತಾರೆ. ಲೋಹಕ್ಕೂ ಮಣ್ಣಿಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಅಂಕಿ ಕುಸಿಯುತ್ತದೆ. ಇಷ್ಟೆಲ್ಲ ನೋಡಿದ ಮೇಲೆ, ಯಾವ ಆವೃತ್ತಿಯಲ್ಲಿ ಕೆಲಸ ಮಾಡುತ್ತದೆಂದು ಹೇಳದೆ ಸೆನ್ಸರು ಮಾರುವುದು ರೈತರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಉಪಗ್ರಹ ಬೇರಿನವರೆಗೂ ನೋಡುತ್ತದೆ ಎಂಬ ಮಾತೂ ಇದೆ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ಉಪಗ್ರಹ ನಿಸಾರ್‌ನ ಎಲ್-ಬ್ಯಾಂಡ್ ರೇಡಾರ್ ಕೂಡ ಮೇಲಿನ ಕೆಲವೇ ಸೆಂಟಿಮೀಟರ್ ಮಣ್ಣಿನ ತೇವವನ್ನು ಗ್ರಹಿಸುತ್ತದೆ. ತೊಗರಿಯ ಬೇರು ಇಳಿಯುವುದು ಅದಕ್ಕಿಂತ ಎಷ್ಟೋ ಆಳಕ್ಕೆ.

ಇನ್ನು, ಟಾಪ್ ಸೂತ್ರ ಎಲ್ಲ ಮಣ್ಣಿಗೂ ಹೊಂದುತ್ತದೆ ಎಂಬ ನಂಬಿಕೆ. ಮರಳು ಮಿಶ್ರಿತ ಮಸಾರಿಯಲ್ಲಿ ಅದು ಬಹುಮಟ್ಟಿಗೆ ನಡೆದೀತು. ಉತ್ತರ ಕರ್ನಾಟಕದ ಎರೆ ಹೊಲದಲ್ಲಿ ಮಾತ್ರ ಎಚ್ಚರ ಬೇಕು. ಹಸಿಯಿದ್ದಾಗ ಅಲ್ಲಿನ ಜೇಡಿ, ಕಡಿಮೆ ಆವೃತ್ತಿಯ ಸೆನ್ಸರಿಗೆ ಇಲ್ಲದ ನೀರನ್ನು ತೋರಿಸುತ್ತದೆ. ಒಣಗಿ ಬಿರಿದಾಗ ಮಣ್ಣು ಸೆನ್ಸರಿನ ಕಡ್ಡಿಗಳಿಂದ ದೂರ ಸರಿದು, ಆ ಸಂದಿನ ಗಾಳಿಯೂ ಲೆಕ್ಕಕ್ಕೆ ಸೇರಿ, ಇರುವ ನೀರೂ ಕಾಣದಾಗುತ್ತದೆ. ಅಂಥ ಹೊಲದಲ್ಲಿ ಸೆನ್ಸರಿನ ಅಂಕಿಯನ್ನು ತೂಕದೊಂದಿಗೆ ತಾಳೆ ನೋಡಲೇಬೇಕು: 100 ಘನ ಸೆಂ.ಮೀ. ಉಂಗುರದಲ್ಲಿ ಮಣ್ಣು ತೆಗೆದು ತೂಗಿ, 105 ಡಿಗ್ರಿ ಸೆಲ್ಸಿಯಸ್‌ನ ಒಲೆಯಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಬೇಕು. 30 ಗ್ರಾಂ ಇಳಿದಿದ್ದರೆ ನೀರು ಶೇ. 30.